ಮೂಲ, ಮುಟ್ಟಬೇಡಿ

ಈ ತರಬೇತಿ ಕೇಂದ್ರದ ಮಾನ್ಯ ಅಧ್ಯಕ್ಷರೇ, ಒಂದು ಕಣ್ಣು ನನ್ನ ಮೇಲೂ ಇನ್ನೊಂದು ಕಣ್ಣು ಗಡಿಯಾರದ ಮೇಲೂ ಇಟ್ಟಿರುವ ಪ್ರಾಂಶುಪಾಲರೇ, ಬೋಧಕ ಬಂಧುಗಳೇ, ಇಂದು ಪ್ರಮಾಣಪತ್ರ ಪಡೆಯಲಿರುವ ಇಪ್ಪತ್ತಾರು ಮಂದಿ ಮಕ್ಕಳೇ, ಅವರನ್ನು ಈ ದಿನಕ್ಕೆ ತಂದು ಮುಟ್ಟಿಸಿದ ತಂದೆತಾಯಿಯರೇ, ಸಭಾಂಗಣದ ಕೊನೆಯಲ್ಲಿ ಪ್ರೊಜೆಕ್ಟರ್ ನೋಡಿಕೊಳ್ಳುತ್ತ ನಿಂತಿರುವವರೂ ಸೇರಿದಂತೆ ಎಲ್ಲ ಸಭಿಕರೇ,

ಮೊದಲು ನನ್ನ ಬೆನ್ನ ಹಿಂದಿನ ಪರದೆಯ ವಿಚಾರ. ಅಲ್ಲೊಬ್ಬ ಸುಂದರ ಪುರುಷರಿದ್ದಾರೆ. ಹಣೆಯ ಮೇಲೆ ಒಂದು ಗೆರೆಯಿಲ್ಲ, ಕಣ್ಣ ಕೆಳಗೆ ಕಪ್ಪಿಲ್ಲ, ಕತ್ತಿನಲ್ಲಿ ಸುಕ್ಕಿಲ್ಲ. ಸನ್ಮಾನಕ್ಕೆಂದು ವಿದ್ಯಾರ್ಥಿಗಳೇ ಸಿದ್ಧಪಡಿಸಿದ ನನ್ನ ಭಾವಚಿತ್ರವಂತೆ. ಇದನ್ನು ಮನೆಗೆ ಕೊಂಡುಹೋದರೆ ನನ್ನ ಹೆಂಡತಿ ಬಾಗಿಲಲ್ಲೇ ನಿಂತು, "ಇವರು ಒಳಗೆ ಬರಲಿ, ನೀವು ಹೋಗಿ ತರಕಾರಿ ತನ್ನಿ" ಎಂದಾಳು. ಕೆಲಸ ಅಚ್ಚುಕಟ್ಟಾಗಿದೆ ಮಕ್ಕಳೇ. ಮೂವತ್ತೊಂದು ವರ್ಷ ಇದೇ ಕಸುಬು ಮಾಡಿದವನು ಹೇಳುತ್ತಿದ್ದೇನೆ, ಎಲ್ಲಿ ತಿದ್ದಿದ್ದೀರಿ ಎಂದು ಹುಡುಕಲು ನನಗೂ ಕಷ್ಟವಾಯಿತು.

ಎರಡನೆಯದು, ಅಧ್ಯಕ್ಷರು ನನ್ನನ್ನು ಪರಿಚಯಿಸುತ್ತ ಆಡಿದ ಒಂದು ಮಾತು. ಈ ಕೇಂದ್ರದಲ್ಲಿ ಪ್ರತಿಯೊಬ್ಬರೂ ಮೊದಲ ದಿನವೇ ಕಲಿಯುವ ನಿಯಮವೊಂದಿದೆ: ಬಂದ ಚಿತ್ರವನ್ನು ಎಲ್ಲಕ್ಕಿಂತ ಕೆಳಗಿನ ಪದರವಾಗಿ, ಎಂದರೆ ಲೇಯರ್ ಆಗಿ ಇಟ್ಟು, ಬೀಗ ಹಾಕಿ, "ಮೂಲ, ಮುಟ್ಟಬೇಡಿ" ಎಂದು ಹೆಸರು ಕೊಡಬೇಕು, ತಿದ್ದುವುದೇನಿದ್ದರೂ ಮೇಲಿನ ಪದರಗಳಲ್ಲಿ. ಈ ನಿಯಮವನ್ನು ಇಲ್ಲಿನ ಬೋಧಕಿಗೆ ಕಲಿಸಿದ ಗುರುಗಳು ನಾನೇ ಎಂದು ಅಧ್ಯಕ್ಷರು ಹೇಳಿದರು. ನೀವು ಚಪ್ಪಾಳೆ ತಟ್ಟಿದಿರಿ. ಆ ಒಂದು ವಾಕ್ಯವನ್ನು ತಿದ್ದದೆ ನಾನು ಈ ವೇದಿಕೆಯಿಂದ ಇಳಿಯುವಂತಿಲ್ಲ. ಆದರೆ ಅಲ್ಲಿಗೆ ನೇರ ದಾರಿ ನನಗೆ ಗೊತ್ತಿಲ್ಲ. ಸ್ವಲ್ಪ ಸುತ್ತಿ ಬರುತ್ತೇನೆ, ಸಹಿಸಿಕೊಳ್ಳಿ.

ನನಗೆ ಕೊಟ್ಟಿರುವ ವಿಷಯ, "ಚಿತ್ರ ತಿದ್ದುವ ಸಾಫ್ಟ್‌ವೇರ್: ನನ್ನ ಮೆಚ್ಚಿನ ಸೌಲಭ್ಯಗಳು ಮತ್ತು ಸರಿಯಾದ ಆಯ್ಕೆ." ಹನ್ನೊಂದು ಪುಟ ಬರೆದು ತಂದಿದ್ದೆ. ಅವು ಜೇಬಿನಲ್ಲೇ ಇವೆ. ಬದುಕಿನಲ್ಲಿ ಅನ್‌ಡೂ ಇಲ್ಲ ಎಂಬ ಮಾತಿಗೆ ನೀವು ಕಾಯುತ್ತಿದ್ದರೆ ಕ್ಷಮಿಸಿ. ಅದನ್ನು ಹೋದ ವರ್ಷದ ಅತಿಥಿಗಳೇ ಹೇಳಿ ಮುಗಿಸಿದ್ದಾರೆಂದು ಪ್ರಾಂಶುಪಾಲರು ಮೊದಲೇ ಎಚ್ಚರಿಸಿದ್ದಾರೆ.

ನನ್ನ ಮೆಚ್ಚಿನ ಸೌಲಭ್ಯ ಯಾವುದು? ಬಹುಕಾಲ ನನ್ನ ಉತ್ತರ ಒಂದೇ ಆಗಿತ್ತು: ಕಲೆ ತೆಗೆಯುವ ಬ್ರಷ್. ನಾನು ಕಸುಬು ಕಲಿತದ್ದು ನೆಗೆಟಿವ್‌ನ ಮೇಲೆ ಕೂದಲೆಳೆಯ ಕುಂಚದಿಂದ ಬಣ್ಣವಿಟ್ಟು ತಿದ್ದುತ್ತಿದ್ದ ಕಾಲದಲ್ಲಿ. ಒಂದು ಮೊಡವೆಗೆ ಅರ್ಧ ಗಂಟೆ ಉಸಿರು ಬಿಗಿಹಿಡಿಯಬೇಕಿತ್ತು. ಅಂಥವನ ಕೈಗೆ ಒಂದು ದಿನ ಮೌಸ್ ಬಂತು. ಮುಖದ ಮೇಲಿನ ಕಲೆಯ ಮೇಲೆ ಒತ್ತಿದರೆ ಸಾಕು, ಅಕ್ಕಪಕ್ಕದ ಚರ್ಮವನ್ನು ತಾನೇ ತಂದು ಮುಚ್ಚುತ್ತಿತ್ತು. ಹತ್ತು ವರ್ಷದ ಕುಂಚದ ಕಷ್ಟ ಒಂದು ಚಿಟಿಕೆಯಲ್ಲಿ ಮುಗಿಯಿತು. ಮಂಗನ ಕೈಗೆ ಮಾಣಿಕ್ಯ ಸಿಕ್ಕಿತ್ತು ಎನ್ನಬೇಕು. ಕಂಡವರ ಮುಖವನ್ನೆಲ್ಲ ನುಣ್ಣಗೆ ಮಾಡಿದೆ. ಯಾರೂ ಬೇಡವೆನ್ನಲಿಲ್ಲ. ಬೇಡವೆನ್ನಲು ನಾನು ಕೇಳಿದ್ದರೆ ತಾನೇ?

ಇನ್ನು ಆಯ್ಕೆ. ದೊಡ್ಡ ಕಂಪನಿಯ ಸಾಫ್ಟ್‌ವೇರ್ ಒಳ್ಳೆಯದೋ, ಉಚಿತವಾಗಿ ಸಿಗುವುದು ಒಳ್ಳೆಯದೋ? ನನ್ನ ಸ್ಟುಡಿಯೋದಲ್ಲಿ ಈ ಪ್ರಶ್ನೆಗೆ ಜಾಗವೇ ಇರಲಿಲ್ಲ. ದೊಡ್ಡದೇ ಸಾಫ್ಟ್‌ವೇರ್, ಉಳಿದವು ಆಟಿಕೆ. ನನ್ನ ಆ ದೊಡ್ಡ ಸಾಫ್ಟ್‌ವೇರ್ ಆಗ ಯಾವ ದಾರಿಯಲ್ಲಿ ನನ್ನ ಕಂಪ್ಯೂಟರಿಗೆ ಬಂದಿತ್ತು ಎಂಬುದನ್ನು ಅಧ್ಯಕ್ಷರ ಸಮ್ಮುಖದಲ್ಲಿ ಹೇಳಲಾರೆ. ಕದ್ದು ತಂದವನಿಗೆ ಕೊಂಡು ತಂದವನಿಗಿಂತ ಹೆಚ್ಚು ಅಭಿಮಾನವಿರುತ್ತದೆ ಎಂದಷ್ಟೇ ಹೇಳುತ್ತೇನೆ.

ಅಂಥ ಸ್ಟುಡಿಯೋಗೆ ಹದಿನಾರು ವರ್ಷದ ಹಿಂದೆ ಒಬ್ಬಳು ಹುಡುಗಿ ಕೆಲಸಕ್ಕೆ ಸೇರಿದಳು. ಬಾಗಿಲ ಬಳಿಯ ಹಳೆಯ ಕಂಪ್ಯೂಟರನ್ನು ಅವಳಿಗೆ ಕೊಟ್ಟೆ. ಅದರಲ್ಲಿ ದೊಡ್ಡ ಸಾಫ್ಟ್‌ವೇರ್ ತೆವಳುತ್ತಿತ್ತು. ಅವಳು ಪೆನ್‌ಡ್ರೈವಿನಲ್ಲಿ ಉಚಿತದ್ದೊಂದನ್ನು ತಂದು ಹಾಕಿಕೊಂಡಳು. ಅದರಲ್ಲಿ ಒಂದು ಚಿತ್ರಕ್ಕೆ ಎಂಟು ಪದರ, ಹತ್ತು ಪದರ, ಪ್ರತಿ ಪದರಕ್ಕೂ ಒಂದೊಂದು ಹೆಸರು, ಎಲ್ಲಕ್ಕಿಂತ ಕೆಳಗೆ, ಬೀಗ ಹಾಕಿದ್ದು, "ಮೂಲ, ಮುಟ್ಟಬೇಡಿ." ನಾನು ಅವಳಿಗೆ ಲೇಯರಮ್ಮ ಎಂದು ಹೆಸರಿಟ್ಟೆ. "ಏನಮ್ಮ ಲೇಯರಮ್ಮ, ಒಂದು ಪಾಸ್‌ಪೋರ್ಟ್ ಫೋಟೋಗೆ ಏಳು ಸೀರೆ ಉಡಿಸ್ತೀಯಲ್ಲ" ಎಂದು ಗಿರಾಕಿಗಳ ಮುಂದೆಯೇ ನಗುತ್ತಿದ್ದೆ. ಅವಳೂ ನಗುತ್ತಿದ್ದಳು. "ಕೆಳಗಿನವರು ಭದ್ರವಾಗಿರ್ಲಿ ಅಂತ ಸಾರ್" ಎನ್ನುತ್ತಿದ್ದಳು. ಆ ಹುಡುಗಿಯನ್ನು ಕಂಡರೆ ನನಗೆ ಅಭಿಮಾನವಿತ್ತು. ಇದನ್ನು ನೀವು ನಂಬಬೇಕು. ಮುಂದೆ ಹೇಳುವುದನ್ನು ಕೇಳಿದ ಮೇಲೆ ನಂಬುವುದು ಕಷ್ಟ. ಆದ್ದರಿಂದ ಈಗಲೇ ಹೇಳಿಟ್ಟಿದ್ದೇನೆ.

ಒಂದು ದಿನ ಅಳತೆಯ ಟೇಪನ್ನು ಕೊರಳಿನಿಂದ ತೆಗೆಯುವುದನ್ನೂ ಮರೆತು ಒಬ್ಬ ಹೊಲಿಗೆಯಮ್ಮ ಬಂದರು. ನಮ್ಮ ಹಿಂದಿನ ಬೀದಿಯಲ್ಲೇ ಅವರ ಅಂಗಡಿ. ಕೈಯಲ್ಲಿ ಗಾಜಿನ ಚೌಕಟ್ಟು. ಒಳಗೆ ಅವರ ಅಕ್ಕನ ಫೋಟೋ. ತಾಯಿಯಿಲ್ಲದ ತಂಗಿಯನ್ನು ಸಾಕಿ, ಸೂಜಿಗೆ ದಾರ ಪೋಣಿಸುವುದನ್ನು ಕಲಿಸಿದ ಅಕ್ಕ. ತಂಗಿಗೆ ಹನ್ನೊಂದಾಗಿದ್ದಾಗ ತೀರಿಕೊಂಡವರು. ಇದ್ದದ್ದು ಅದೊಂದೇ ಫೋಟೋ. ತೇವ ಹಿಡಿದು ಗಾಜಿಗೆ ಅಂಟಿಕೊಂಡಿತ್ತು, ಮೈತುಂಬ ಕಂದು ಚುಕ್ಕೆ. ನಾನು ಗಾಜಿನ ಮೇಲಿನಿಂದಲೇ ಒಮ್ಮೆ ಸ್ಕ್ಯಾನ್ ಮಾಡಿದೆ. ಬಿಡಿಸಿ ಮಾಡಿದರೆ ಇನ್ನೂ ಚೆನ್ನಾಗಿ ಬರುತ್ತದೆ, ಆದರೆ ಹರಿಯಬಹುದು ಎಂದೆ. "ಹರಿದ್ರೆ ಹರೀಲಿ ಬಿಡಿ ಸಾರ್, ಮುಖ ನಿಮ್ಮ ಕಂಪ್ಯೂಟರ್ ಒಳಗೆ ಬಂತಲ್ಲ" ಎಂದರು. ಬಿಡಿಸಿದೆ. ಮುಖ ಗಾಜಿಗೆ ಅಂಟಿ ಪುಡಿಯಾಯಿತು. ಉಳಿದದ್ದು ಆ ಒಂದು ಸ್ಕ್ಯಾನ್.

ಅದರ ಒಂದು ಪ್ರತಿಯನ್ನು ಲೇಯರಮ್ಮನಿಗೆ ಕೊಟ್ಟು ಹಿನ್ನೆಲೆ ಸರಿಮಾಡಲು ಹೇಳಿದೆ. ಮುಖ ಮಾತ್ರ ನನ್ನದು. ಮುಖವನ್ನು ನಾನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಎಡಗೆನ್ನೆಯ ಮೇಲೆ ಅರ್ಧ ಉಗುರಿನಷ್ಟು ಒಂದು ಕಂದು ಗುರುತಿತ್ತು. ಅದರ ಸುತ್ತ ಅಂಥವೇ ಇಪ್ಪತ್ತು ಚುಕ್ಕೆಗಳು. ಅವಳು ನನ್ನ ಕುರ್ಚಿಯ ಹಿಂದೆ ಬಂದು ನಿಂತಳು.

"ಸಾರ್, ಇದು ಕಲೆನಾ, ಮಚ್ಚೆನಾ? ಒಂದು ಮಾತು ಕೇಳ್ಕೊಂಡು ಬರ್ಲಾ? ಹಿಂದಿನ ಬೀದಿನೇ ಅಲ್ವಾ."

"ನಮ್ಮಂಗಡೀಲಿ ಮುಖದ ಮೇಲಿರೋದೆಲ್ಲ ಕಲೆನೇ ಕಣಮ್ಮ" ಎಂದೆ. ಒಂದು ಸಲ ಒತ್ತಿದೆ. ಮಾಯವಾಯಿತು. ಪದರವಿಲ್ಲ, ಪ್ರತಿಯಿಲ್ಲ, ಆ ಸ್ಕ್ಯಾನಿನ ಮೇಲೆಯೇ ಸೇವ್ ಮಾಡಿದೆ. ಮೂಲದ ಮೇಲೆಯೇ ಬರೆಯುವುದನ್ನು ನಾನು ಕೈಯ ಮೇಲಿನ ನಂಬಿಕೆ ಎಂದುಕೊಂಡಿದ್ದೆ.

ಮುಂದಿನ ಸೋಮವಾರ ಡಿಸ್ಕ್ ತುಂಬಿತೆಂದು ಬಾಗಿಲ ಬಳಿಯ ಕಂಪ್ಯೂಟರು ಗೊಣಗಿತು. ಜಾಗ ಮಾಡಲು ಹೊರಟವನಿಗೆ ಲೇಯರಮ್ಮನ ಫೋಲ್ಡರ್ ಕಂಡಿತು. ನೂರಾರು ಫೈಲು, ಒಂದೊಂದೂ ಹೊಟ್ಟೆಬಾಕ. ತೆರೆಯಲು ನೋಡಿದೆ; ನನ್ನ ಸಾಫ್ಟ್‌ವೇರ್ ಅವುಗಳ ಗುರುತೇ ಇಲ್ಲವೆಂದಿತು. ನನಗೆ ತೆರೆಯದ ಫೈಲು ಫೈಲೇ ಅಲ್ಲ ಎಂಬುದು ಆಗಿನ ನನ್ನ ಸಿದ್ಧಾಂತ. ಫೋಲ್ಡರನ್ನು ಅಳಿಸಿದೆ, ಕಸದಬುಟ್ಟಿಯನ್ನೂ ಖಾಲಿ ಮಾಡಿದೆ, ಅವಳ ಸಾಫ್ಟ್‌ವೇರನ್ನೂ ಕಿತ್ತುಹಾಕಿದೆ. "ಇನ್ಮೇಲೆ ಈ ಅಂಗಡೀಲಿ ಒಂದೇ ಸಾಫ್ಟ್‌ವೇರ್" ಎಂದೆ. ಅವಳು, "ಒಂದು ಮಾತು ಹೇಳಿದ್ರೆ ಬೇರೆ ಕಡೆ ಇಟ್ಕೋತಿದ್ದೆ ಸಾರ್" ಎಂದಳು. ಅಷ್ಟೇ.

ಗುರುವಾರ ಹೊಲಿಗೆಯಮ್ಮ ಬಂದರು. ದೊಡ್ಡ ಪ್ರಿಂಟನ್ನು ಅವರ ಮುಂದೆ ಹಿಡಿದೆ. ಬಹಳ ಹೊತ್ತು ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದರು, "ತುಂಬಾ ಚೆನ್ನಾಗಿದೆ ಸಾರ್. ನಮ್ಮಕ್ಕನ ಹಾಗೇ ಇದ್ದಾರೆ ಇವರು."

ಸಭಿಕರೇ, ಮೂವತ್ತೊಂದು ವರ್ಷದಲ್ಲಿ ನನ್ನ ಕೆಲಸಕ್ಕೆ ಸಿಕ್ಕ ನಿಜವಾದ ವಿಮರ್ಶೆ ಅದೊಂದೇ.

ಮಚ್ಚೆಯ ಕತೆಯನ್ನು ಆಗ ಹೇಳಿದರು. ಚಿಕ್ಕಂದಿನಲ್ಲಿ ಅಕ್ಕನ ತೊಡೆಯೇರಿ ಆ ಮಚ್ಚೆಯನ್ನು ಬೆರಳಿನಿಂದ ಒತ್ತುತ್ತಿದ್ದರಂತೆ. ಒತ್ತಿದರೆ ಅಕ್ಕ ಪಟ್ಟನೆ ಕಣ್ಣು ಮುಚ್ಚುವಳು, ಮತ್ತೆ ಒತ್ತಿದರೆ ತೆರೆಯುವಳು. ಹಳೆಯದನ್ನೇ ಕೊಡಿ ಸಾರ್, ಕಲೆಯಿದ್ದರೂ ಪರವಾಗಿಲ್ಲ ಎಂದರು. ನಾನು ಸೋಮವಾರದ್ದನ್ನು ಮರೆತು ಧೈರ್ಯವಾಗಿ ಬಾಗಿಲ ಕಡೆ ತಿರುಗಿದೆ. "ಲೇಯರಮ್ಮ, ನಿನ್ನ ಹತ್ರ ಮೂಲ ಇರ್ಬೇಕಲ್ಲ, ತೆಗಿ."

"ನನ್ನ ಫೋಲ್ಡರಲ್ಲಿತ್ತು ಸಾರ್" ಎಂದಳು.

ಇತ್ತು. ಯಾರು ಅಳಿಸಿದರೆಂದು ಹೇಳಲಿಲ್ಲ. ನನಗಾಗಿ ಜಾಗ ಬಿಟ್ಟು ಕಾದಳು. ಆ ಜಾಗದಲ್ಲಿ ನಾನೇನು ಹೇಳಿದೆ ಗೊತ್ತೇ?

"ಹೊಸ ಹುಡುಗಿ ಅಮ್ಮಾ. ಮೂಲ ಉಳಿಸ್ಕೋಬೇಕು ಅಂತ ಗೊತ್ತಿಲ್ಲ ಇವಳಿಗೆ."

ಈ ಮಾತನ್ನು ನಾನು ಇಷ್ಟು ವರ್ಷ ಯಾರ ಮುಂದೆಯೂ ಮತ್ತೆ ಉಚ್ಚರಿಸಿರಲಿಲ್ಲ. ನನ್ನ ಹೆಂಡತಿಗೂ ಇದು ಹೊಸ ಸಂಗತಿ. ಅವಳು ನಾಲ್ಕನೇ ಸಾಲಿನಲ್ಲಿ ಕುಳಿತಿದ್ದಾಳೆ. ಆ ಹುಡುಗಿ ಒಳಗೆ ಹೋಗಿ, ಹೊಲಿಗೆಯಮ್ಮನಿಗೆ ಒಂದು ಲೋಟ ನೀರು ತಂದುಕೊಟ್ಟಳು. ಅವರು ಅವಳ ಕೈ ಹಿಡಿದು, "ಬೇಜಾರು ಮಾಡ್ಕೋಬೇಡ ಮಗಳೇ, ನಾನೂ ಕಲಿಯೋವಾಗ ಎಷ್ಟೋ ಬಟ್ಟೆ ಕೆಡಿಸಿದೀನಿ" ಎಂದರು. ಕ್ಷಮೆಯೇನೋ ದೊರೆಯಿತು. ತಪ್ಪು ಮಾಡಿದವನು ಪಕ್ಕದಲ್ಲೇ ನಿಂತಿದ್ದ, ಅವನ ಪಾಲಿಗೆ ಬರಲಿಲ್ಲ.

ಮೂರನೆಯ ದಿನ ಅವಳು ಕೆಲಸ ಬಿಟ್ಟಳು. "ಮನೆ ಕಡೆ ಸ್ವಲ್ಪ ಕೆಲಸ ಇದೆ ಸಾರ್" ಎಂದಳು. ಮನೆಯ ಕಡೆ ಏನು ಕೆಲಸವೆಂದು ನಾನು ಕೇಳಲಿಲ್ಲ. ಉತ್ತರ ನನಗೇ ಗೊತ್ತಿತ್ತು.

ಮಚ್ಚೆಯನ್ನು ಮತ್ತೆ ಬರೆದುಕೊಡುತ್ತೇನೆ ಎಂದು ಹೊಲಿಗೆಯಮ್ಮನಿಗೆ ಮಾತು ಕೊಟ್ಟಿದ್ದೆ. ನಾಲ್ಕು ಸಲ ಬಂದು ನನ್ನ ಪಕ್ಕ ಕುಳಿತರು. ಬಾಗಿಲಲ್ಲಿ ನಿಂತವರನ್ನು ನೋಡಿಯೇ ಎದೆಯ ಸುತ್ತಳತೆ ಹೇಳುವಂಥ ಕಣ್ಣು ಅವರದು. ಮೊದಲ ದಿನ ಪರದೆಗೆ ಬೆರಳಿಟ್ಟು, "ಇಲ್ಲಿ" ಎಂದರು. ಬರೆದೆ. "ಇನ್ನೊಂದು ಚೂರು ಕೆಳಗೆ." ಬರೆದೆ. "ಇಷ್ಟು ಕಪ್ಪಿರಲಿಲ್ಲ." ತಿಳಿ ಮಾಡಿದೆ. ನಾಲ್ಕನೆಯ ಸಲ ಅವರ ಬೆರಳು ಪರದೆಯ ಹತ್ತಿರ ಹೋಗಿ ನಿಂತುಬಿಟ್ಟಿತು. ಮೇಲೋ ಕೆಳಗೋ ತಿಳಿಯಲಿಲ್ಲ. ನಾನು ಬರೆದು ಅಳಿಸಿ, ಬರೆದು ಅಳಿಸಿ, ಅವರ ನೆನಪಿನಲ್ಲಿದ್ದ ಮಚ್ಚೆಯನ್ನೂ ಅಳಿಸಿಹಾಕಿದ್ದೆ. "ಸಾಕು ಬಿಡಿ ಸಾರ್" ಎಂದರು. "ಹೀಗೇ ಇತ್ತು ಅಂದ್ಕೋತೀನಿ."

ನಿಜ ಹೇಳಿಬಿಡಬೇಕೆಂದು ಆಮೇಲೊಮ್ಮೆ ಆ ಅಂಗಡಿಗೆ ಹೋದೆ. ಆರು ವರ್ಷ ತಡವಾಗಿ ಹೋದೆ. ಅಲ್ಲಿ ಕೀಲಿ ಮಾಡುವವನೊಬ್ಬ ಕುಳಿತಿದ್ದ. "ಹೊಲಿಗೆಯಮ್ಮ ಹೋಗಿ ಎರಡು ವರ್ಷ ಆಯ್ತಲ್ಲ" ಎಂದ. ಹೋಗಿ ಎಂದರೆ ಎಲ್ಲಿಗೆ ಎಂದು ಕೇಳಲು ಬಾಯಿ ಬರಲಿಲ್ಲ.

ಇಂದು ಬೆಳಿಗ್ಗೆ ನಿಮ್ಮ ಪ್ರಯೋಗಾಲಯ ನೋಡಲು ಹೋಗಿದ್ದೆ. ಸಾಲಾಗಿ ಇಪ್ಪತ್ತಾರು ಪರದೆ. ಕೆಲವರದು ದೊಡ್ಡ ಸಾಫ್ಟ್‌ವೇರ್, ಕೆಲವರದು ಉಚಿತದ್ದು, ಜಗಳವಿಲ್ಲದೆ ಅಕ್ಕಪಕ್ಕ. ಆದರೆ ಎಲ್ಲದರ ತಳದಲ್ಲೂ ಅದೇ ಎರಡು ಶಬ್ದ. ಇದು ಯಾರ ನಿಯಮ ಎಂದು ಒಬ್ಬ ಹುಡುಗಿಯನ್ನು ಕೇಳಿದೆ. "ನಮ್ಮ ಮೇಡಂದು ಸಾರ್. ಆ ಲೇಯರ್ ಇಲ್ದಿದ್ರೆ ಮಾರ್ಕ್ಸೇ ಇಲ್ಲ. ಅವರ ಮೊದಲನೇ ಗುರುಗಳು ಕಲಿಸಿದ್ದಂತೆ" ಎಂದಳು. ಯಾರಮ್ಮ ನಿಮ್ಮ ಮೇಡಂ ಎಂದೆ. ಕೈ ತೋರಿಸಿದಳು. ಸಭಾಂಗಣದ ಬಾಗಿಲಲ್ಲಿ ಒಬ್ಬರು ಬಗ್ಗಿ, ಯಾರೂ ಎಡವದಂತೆ ವೈರನ್ನು ನೆಲಕ್ಕೆ ಅಂಟಿಸುತ್ತಿದ್ದರು. ಗುರುತು ಹಿಡಿದೆ. ಹೋಗಿ ಮಾತಾಡಿಸುವ ಧೈರ್ಯವಾಗಲಿಲ್ಲ.

ಈಗ ಅಧ್ಯಕ್ಷರ ವಾಕ್ಯವನ್ನು ತಿದ್ದುತ್ತೇನೆ. ಆ ನಿಯಮವನ್ನು ನಾನು ಕಲಿಸಲಿಲ್ಲ. ಅದನ್ನು ಅವರು ನನ್ನ ಅಂಗಡಿಗೆ ತಂದರು, ನಾನು ನಕ್ಕೆ. ನಾನು ಅಳಿಸಿದೆ; ಅವರು ಅಳಿಸಿದರೆಂದೆ. ಗುರು ಎಂಬ ಹೆಸರನ್ನು ಅವರು ಔದಾರ್ಯದಿಂದ ಕೊಟ್ಟರೋ, ಶಿಕ್ಷೆಯಾಗಿ ಕೊಟ್ಟರೋ, ನನಗೆ ತಿಳಿಯದು. ಎರಡಕ್ಕೂ ನಾನು ಅರ್ಹನೇ. ತಾಯೀ, ಪ್ರೊಜೆಕ್ಟರಿನ ಬಳಿ ನಿಂತಿರುವ ನಿಮ್ಮ ಮೇಲೆ ಹೊರಿಸಿದ್ದನ್ನು ಇಷ್ಟು ಜನರ ಎದುರು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಅಂದು ಕೇಳಿಸಿಕೊಂಡವರು ಒಬ್ಬರೇ, ಅವರು ಇಂದು ಇಲ್ಲಿಲ್ಲ. ಇದರಿಂದ ಸರಿಹೋಗುವುದಿಲ್ಲ ಎಂಬುದೂ ನನಗೆ ಗೊತ್ತು.

ಮಕ್ಕಳೇ, ವಿಷಯಕ್ಕೆ ಉತ್ತರ ಹೇಳಿ ಮುಗಿಸುತ್ತೇನೆ. ಯಾವ ಸಾಫ್ಟ್‌ವೇರ್ ಬೇಕಾದರೂ ಆರಿಸಿಕೊಳ್ಳಿ. ಪಕ್ಕದವರದ್ದನ್ನು ತೆರೆಯಲಾಗದಿದ್ದರೆ ಅವರನ್ನೇ ಕರೆದು ತೆರೆಸಿ. ನಿಮ್ಮ ಮೇಲೆ ನನಗೆ ಬಹಳ ಭರವಸೆಯಿದೆ, ಏಕೆಂದರೆ ನಿಮಗೆ ನನಗಿಂತ ಒಳ್ಳೆಯ ಗುರು ಸಿಕ್ಕಿದ್ದಾರೆ. ಇನ್ನು ನನ್ನ ಮೆಚ್ಚಿನ ಸೌಲಭ್ಯ. ಪ್ರತಿ ಪದರದ ಪಕ್ಕ ಒಂದು ಪುಟ್ಟ ಕಣ್ಣಿನ ಚಿತ್ರವಿರುತ್ತದೆ, ಎರಡೂ ಸಾಫ್ಟ್‌ವೇರಿನಲ್ಲಿ ಇರುತ್ತದೆ. ಒತ್ತಿದರೆ ಮುಚ್ಚುತ್ತದೆ. ಮತ್ತೆ ಒತ್ತಿದರೆ ತೆರೆಯುತ್ತದೆ. ಅದೇ ನನ್ನ ಮೆಚ್ಚಿನದು.

ಕೊನೆಯದಾಗಿ ಪ್ರೊಜೆಕ್ಟರಿನ ಬಳಿ ಇರುವವರಲ್ಲಿ ಒಂದು ಬೇಡಿಕೆ. ಈ ಸುಂದರ ಪುರುಷರ ಫೈಲು ನಿಮ್ಮ ಮುಂದೆ ತೆರೆದೇ ಇರಬೇಕು. ದಯವಿಟ್ಟು ಮೇಲಿನ ಪದರಗಳ ಕಣ್ಣನ್ನು ಒಂದೊಂದಾಗಿ ಮುಚ್ಚಿ. ಎಲ್ಲವನ್ನೂ. ಕೆಳಗಿನದೊಂದು ಇರಲಿ.

ಹಾಂ. ಹಣೆಯ ಗೆರೆ ಬಂತು. ಕಣ್ಣ ಕೆಳಗಿನ ಕಪ್ಪೂ ಬಂತು. ಸಾಕು, ಇಷ್ಟೇ ಇರುವುದು. ನಾನು ಹೊರಡುವವರೆಗೂ ಇವರು ಹೀಗೇ ಇರಲಿ.

ಕರೆದ ಕೇಂದ್ರಕ್ಕೆ, ಗಡಿಯಾರವನ್ನು ಮರೆತ ಪ್ರಾಂಶುಪಾಲರಿಗೆ, ಕೇಳಿಸಿಕೊಂಡ ನಿಮ್ಮೆಲ್ಲರಿಗೆ, ಮತ್ತು ಮೂಲವನ್ನು ಉಳಿಸಿಕೊಂಡವರಿಗೆ ನಾನು ಋಣಿ. ನಮಸ್ಕಾರ.