ಜನವರಿಯ ಕಲ್ಲಂಗಡಿ

ಅಯ್ಯೋ, ಆ ಕಲ್ಲಂಗಡಿ ತಟ್ಟೆ ಆಚೆ ಇಡಿ ಅಂದೆನಲ್ಲ ಅತ್ತೆ! ಬಂದುಬಿಟ್ಟಿತು ನೋಡಿ ಫೋಟೋದಲ್ಲಿ, ಕೆಂಪಗೆ, ನಾಚಿಕೆಯಿಲ್ಲದ ಹಾಗೆ. ಮೂಲೆಯಲ್ಲಿ ಜನವರಿ ಅಂತ ತಾರೀಖು ಕೂರಿಸಿದ್ದೀನಿ, ಮುಂದೆ ಕಲ್ಲಂಗಡಿ! ನಮ್ಮ ನಾರಿನ್ ಊರಲ್ಲಿ ಜನವರಿಯಲ್ಲಿ ಉಗುಳಿದ್ದು ನೆಲ ಮುಟ್ಟೋ ಮೊದಲೇ ಮಂಜುಗಡ್ಡೆ ಆಗುತ್ತೆ. ಈ ಹಣ್ಣು ಯಾವ ದೇವದೂತ ತಂದುಕೊಟ್ಟ ಅಂತ ನಿಮ್ಮ ಮಗ ಕೇಳಲ್ವಾ?

ಯಾಕೆ ನಗ್ತೀರಿ? ನಗಿ, ನಗಿ... ಗಂಟಲಿನ ದನಿ ಹೋದರೂ ಹೊಟ್ಟೆ ಮಾತ್ರ ಕುಣಿಯುತ್ತೆ ನಿಮ್ಮದು. ಹಾಂ, ಹಾಗೇ ಇರಿ! ಅಲುಗಬೇಡಿ... ಆಯ್ತು. ಇದು ಚೆನ್ನಾಗಿ ಬಂತು. ಉಣ್ಣೆ ಶಾಲು, ಹಿಂದೆ ಬರೀ ಸುಣ್ಣದ ಗೋಡೆ. ಅಪ್ಪಟ ಜನವರಿ.

ಮತ್ತೆ ಹುಬ್ಬು ಹಾರಿಸ್ತೀರಾ? ಸೆಪ್ಟೆಂಬರಿನಲ್ಲೇ ಜನವರಿ ಯಾಕೆ ಅಂತ ಆಗಲೇ ಹೇಳಿದೆನಲ್ಲ. ಸೋಪಿನ ಡಬ್ಬಿಯಂಥ ಈ ಕ್ಯಾಮೆರಾಗೆ ಚಳಿ ಆಗಿಬರಲ್ಲ. ಮನೆಯೊಳಗೆ ತೆಗೆದರೆ ಕತ್ತಲೆ, ಅಂಗಳಕ್ಕೆ ಹೋದರೆ ಬ್ಯಾಟರಿ ಸಾಯುತ್ತೆ. ಹೋದ ವರ್ಷ ಅದನ್ನ ಕಂಕುಳಲ್ಲಿಟ್ಟುಕೊಂಡು ಕೋಳಿ ಹಾಗೆ ಕಾವು ಕೊಟ್ಟಿದ್ದು ಮರೆತಿರಾ? "ಬುರುಲ್, ಮರಿ ಆಯ್ತಾ?" ಅಂತ ಗೇಲಿ ಮಾಡಿದವರು ನೀವೇ! ಅದಕ್ಕೇ ಚಳಿಗಾಲದ್ದೆಲ್ಲ ಈಗಲೇ ತೆಗೆದಿಟ್ಟುಬಿಡೋಣ. ತಿಂಗಳಿಗೊಂದು ಬಜಾರಿನ ಕಂಪ್ಯೂಟರ್ ಅಂಗಡಿಯಿಂದ ರಷ್ಯಾದಲ್ಲಿ ದುಡಿಯೋ ನಿಮ್ಮ ಮಗನಿಗೆ ಕಳಿಸ್ತೀನಿ.

ತಾರೀಖು ಯಾಕೆ ಅಂತ ನನ್ನನ್ನ ಕೇಳಬೇಡಿ, ಮಗನನ್ನ ಕೇಳಿ. ನೀವು ಬಿಷ್ಕೆಕ್ ಆಸ್ಪತ್ರೆಯಲ್ಲಿದ್ದಾಗ ಹಳೇ ಫೋಟೋ ಒಂದು ಕಳಿಸಿ ಸಿಕ್ಕಿಬಿದ್ದೆನಲ್ಲ. ಆವತ್ತಿನಿಂದ ಒಂದೇ ಹಟ: "ಫೋನಿನಲ್ಲಿ ಅಮ್ಮನ ಉಸಿರು ಬಿಟ್ಟರೆ ಏನೂ ಕೇಳಲ್ಲ. ತಾರೀಖಿರೋ ಫೋಟೋ ಬೇಕು. ಇಲ್ಲದಿದ್ದರೆ ಹೊರಟು ಬರ್ತೀನಿ." ಬರ್ತಾರಂತೆ! ಕಾಗದಪತ್ರದ ಅವಧಿ ಮುಗಿದು ಕೂತಿದೆ. ಒಮ್ಮೆ ಗಡಿ ದಾಟಿದರೆ ಮತ್ತೆ ಒಳಗೆ ಬಿಡಲ್ಲ. ಇಲ್ಲಿ ಬಂದು ಏನು ಮಾಡ್ತಾರೆ? ನಮ್ಮ ಮಗಳು ಮೀರಿಮ್‌ಳ ಓದು, ಈ ಒಲೆಯ ಬೆಂಕಿ, ಎಲ್ಲಾ ಅವರ ಎರಡು ಕೈ ಮೇಲೆ...

ಇರಲಿ. ಶಾಲು ತೆಗೀರಿ. ಈಗ ನೌರೂಜ್ ಹಬ್ಬದ್ದು. ಬಿಳಿ ರುಮಾಲು ಕಟ್ಟಿಕೊಳ್ಳಿ. ಮಾರ್ಚ್‌ನಲ್ಲೂ ನಮ್ಮಲ್ಲಿ ಚಳಿ ತಾನೇ... ಗಲ್ಲ ಸ್ವಲ್ಪ ಮೇಲೆ. ಕೆನ್ನೆ ಚಿವುಟಿಕೊಳ್ಳಿ, ರಂಗು ಬರುತ್ತೆ. ಭೇಷ್, ಮದುವಣಗಿತ್ತಿ!

ಇನ್ನೊಂದೇ ಒಂದು. ಆ ನೀಲಿ ಹೂವಿನ ತೆಳು ರುಮಾಲು ಕೊಡಿ ಇಲ್ಲಿ, ನಾನೇ ಕಟ್ತೀನಿ. ಇದು ಜೂನ್‌ದು. ಬೆಟ್ಟದ ಹುಲ್ಲುಗಾವಲಿನಲ್ಲಿ ಕುದುರೆ ಹಾಲು ಕುಡಿದು ಈಗಷ್ಟೇ ಇಳಿದು ಬಂದವರ ಹಾಗೆ ಮುಖ ಮಾಡಿ...

ಏನು? ಯಾಕೆ ಕೈ ಹಿಡಿದುಕೊಂಡಿರಿ?

ಜೂನ್... ಹೌದು, ಜೂನ್‌ನಲ್ಲಿ ಚಳಿ ಇರಲ್ಲ. ಗೊತ್ತು. ಆದರೆ ಬ್ಯಾಟರಿ... ಬಿಸಿಲಿಗೂ ಅದು... ಬಿಸಿಲು ಜಾಸ್ತಿಯಾದರೂ ಅದು...

ಕ್ಯಾಮೆರಾ ಕೊಡಿ ಅತ್ತೆ. ಅದನ್ನ ಒತ್ತಬೇಡಿ. ಹಿಂದಿನದೆಲ್ಲ ಯಾಕೆ ನೋಡ್ತೀರಿ? ಬರೋ ವರ್ಷದ ಆಗಸ್ಟ್‌ದು ಬೆಳಿಗ್ಗೆಯೇ ತೆಗೆದೆ, ಹೌದು. ನೀವು ತೂಕಡಿಸ್ತಿದ್ದಿರಿ... ಅಂಗಡಿಯ ಗಲ್ಲಾದಲ್ಲಿ ಆಯಸ್ಸು ಕಳೆದವರು ನೀವು, ಅಂಕಿ ನಿಮ್ಮ ಕಣ್ಣಿಂದ ಎಲ್ಲಿ ತಪ್ಪುತ್ತೆ!

ಹಾಗೆ ನೋಡಬೇಡಿ. ಬೈಯಿರಿ. ಕೋಲು ತಗೊಂಡು ಎರಡು ಬಿಡಿ. ಆಸ್ಪತ್ರೆಯವರು ಬರೀ ಬಾವು ಅಂದರು ಅಂತ ಹೇಳಿದ್ದೆನಲ್ಲ, ಮಾತ್ರೆಗೆ ಕರಗುತ್ತೆ ಅಂತ... ಅವರು... ಹಿಮ ಬೀಳೋವರೆಗೆ ಅಂದರು... ಬೇಡ, ನನ್ನ ಬಾಯಲ್ಲಿ ಆಡಿಸಬೇಡಿ.

ಬೀದಿ ಕಡೆ ಕೈ ತೋರಿಸ್ತೀರಾ? ಊರ ಬಾಯಿಗೆ ಹೇಗೆ ಬೀಗ ಹಾಕ್ತಿದ್ದೆ ಅಂತಾನಾ? ಗೊತ್ತಿಲ್ಲ ಅತ್ತೆ. ಅಷ್ಟು ದೂರ ಯೋಚಿಸಲಿಲ್ಲ. ಆಗಸ್ಟ್‌ವರೆಗೆ ಯೋಚಿಸಿದ್ದೆ, ಅಷ್ಟೇ. ಮಾವ ತೀರಿಕೊಂಡ ದಿನ ಪದ್ಧತಿಯ ಹಾಗೆ ಬಾಗಿಲಲ್ಲಿ ಕೋಲೂರಿ ನಿಂತು ಬಂದವರ ಮುಂದೆಲ್ಲ ಗಟ್ಟಿಯಾಗಿ ಅತ್ತಿದ್ದು ನಿಮ್ಮ ಮಗ. ಮೊದಲ ಹಿಡಿ ಮಣ್ಣು ಹಾಕಿದ್ದೂ ಅವರೇ. ನಿಮ್ಮ ಪಾಲಿನ ಆ ಅಳು, ಆ ಮಣ್ಣನ್ನ ಈ ಡಬ್ಬಿಯಲ್ಲಿ ಮುಚ್ಚಿಡೋಕೆ ಹೊರಟಿದ್ದೆ ನಾನು...

ಏನು ಮಾಡ್ತಿದ್ದೀರಿ? ಗಂಟು ಯಾಕೆ ಬಿಚ್ಚಿದಿರಿ? ಅತ್ತೆ, ರುಮಾಲು! ಇಷ್ಟು ವರ್ಷ ಸೊಸೆಯಾಗಿದ್ದೀನಿ, ಒಂದು ದಿನವೂ ನಿಮ್ಮ ಬರಿತಲೆ ನೋಡಿಲ್ಲ ನಾನು...

ಇಷ್ಟು... ಇಷ್ಟೇ ಕೂದಲಾ ಉಳಿದಿರೋದು?

ಕ್ಯಾಮೆರಾ ನನ್ನ ಕೈಗೇ ಕೊಡ್ತೀರಾ? ಹೀಗೇ ತೆಗೀಬೇಕಾ? ಕೊರಳಿನ ಗಡ್ಡೆ ಕಾಣೋ ಹಾಗೆ? ನೋಡಿದರೆ ಆ ಕ್ಷಣ ಹೊರಟುಬಿಡ್ತಾರೆ. ಮತ್ತೆ ವಾಪಸ್ಸು ಹೋಗೋಕಾಗಲ್ಲ. ಗೊತ್ತಲ್ಲ ನಿಮಗೆ? ತಲೆಯಾದರೂ ಆಡಿಸಿ, ಹೂಂ ಅಂತಲೋ ಬೇಡ ಅಂತಲೋ... ಬರೀ ಕ್ಯಾಮೆರಾದ ಗಾಜನ್ನೇ ನೋಡ್ತಾ ಕೂತರೆ...

ಸರಿ. ನಗಿ ಅಂತ ಹೇಳಲ್ಲ ಈ ಸಲ.

ಇರಿ... ತಾರೀಖು ಸರಿ ಮಾಡ್ತೀನಿ.