ಭಾನುವಾರದ ಸೋಲು

ಕೇರಳದ ರಾಜಧಾನಿಯ ಪಟ್ಟಂ ಬಡಾವಣೆಯ ಆಸ್ಪತ್ರೆಯೊಂದರಲ್ಲಿ ಔಷಧಿಗೆ ಕಾಯುತ್ತಿದ್ದ ವೆಂಕಪ್ಪನವರಿಗೆ ಹಿಂದಿನ ಬೆಂಚಿನಿಂದ ಕಾಸರಗೋಡಿನ ಕನ್ನಡ ಕೇಳಿಸಿತು. ತಿರುಗಿದರೆ, ಟಿವಿಯ ಕ್ವಿಜ್‌ನಲ್ಲಿ ವಾರವಾರವೂ ಗೆಲ್ಲುತ್ತಿದ್ದ ರಮ್ಯಶ್ರೀ! ಜೊತೆಯಲ್ಲಿ ತಮ್ಮನಿದ್ದ.

"ಭಾನುವಾರ ನಿನ್ನ ಕ್ವಿಜ್ ಎಲ್ಲರೂ ಒಟ್ಟಿಗೆ ನೋಡುವ ಅಂತ ಅಪ್ಪ ವಾರ್ಡಿನವರಿಗೆಲ್ಲ ಹೇಳಿಟ್ಟಿದ್ದಾರೆ, ಅಕ್ಕ."

"ಅದು ಕೊಚ್ಚಿಯಲ್ಲಿ ಹೋದ ತಿಂಗಳೇ ಶೂಟಿಂಗ್ ಆದದ್ದು ಮಾರಾಯ. ಅದರಲ್ಲಿ ನಾನು ಸೋತಿದ್ದೇನೆ."

"ಸೋತದ್ದಾ? ನನಗಾದ್ರೂ ಹೇಳ್ಬಹುದಿತ್ತಲ್ಲ!"

"ಯಾರಿಗೂ ಹೇಳ್ಬಾರ್ದು ಅಂತ ಚಾನೆಲಿನವರ ಕಟ್ಟಪ್ಪಣೆ. ಅಪ್ಪ ಎದ್ದು ಕೂತು ನಾಲ್ಕು ತುತ್ತು ಉಣ್ಣುದೇ ಈಗ ಆ ಖುಷಿಯಲ್ಲಿ. ಹೇಗೆ ಹೇಳುದು?"

"ಸೋಮವಾರ ಆಪರೇಷನ್. ಹಿಂದಿನ ದಿನ ಟಿವಿ ನೋಡಿ ಗೊತ್ತಾಗುದು ಬೇಡ. ಈಗ್ಲೇ ನೀನೇ ಹೇಳು."

"ಅತ್ತುಬಿಟ್ರೆ?"

"ನಿನ್ನ ಕೈ ಹಿಡಿದು ಅಳ್ಲಿ. ಭಾನುವಾರ ಟಿವಿ ಮುಂದೆ ಎಲ್ಲರೆದುರು ಅಳುದು ಬೇಡ."

ರಮ್ಯಶ್ರೀ ಶಾಲಿನಲ್ಲಿ ಮುಖ ಒರೆಸಿಕೊಂಡು ಎದ್ದಳು. ಎದುರಿನ ವಾರ್ಡಿನ ಬಾಗಿಲನ್ನು ತಮ್ಮ ತೆರೆದದ್ದೇ ತಡ, ಒಳಗಿನಿಂದ ತಂದೆಯ ದನಿ ಬಂತು. ಚಾಂಪಿಯನ್ ಬಂದಳು ನೋಡಿ ಎಂದು ಪಕ್ಕದ ಹಾಸಿಗೆಯವರಿಗೆ ಮಲಯಾಳದಲ್ಲಿ ಹೆಮ್ಮೆಯಿಂದ ಸಾರುತ್ತಿದ್ದರು.

ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ತಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟ. ಆಮೇಲೆ ಇಬ್ಬರೂ ಒಳಗೆ ಹೋದರು.