ದಾರಿಯ ಮಧ್ಯ, ಹೊತ್ತಿನ ಮಧ್ಯ

ಅಧ್ಯಕ್ಷರಾದ ಮಾನ್ಯ ಮುಖ್ಯೋಪಾಧ್ಯಾಯರೇ, ಬೆಳಗಿನಿಂದ ನಮ್ಮೆಲ್ಲರ ಮಾತನ್ನೂ ತಾಳ್ಮೆಯಿಂದ ಕೇಳುತ್ತಿರುವ ಮುಖ್ಯ ಅತಿಥಿಗಳೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಭೌತಶಾಸ್ತ್ರದ ಮೇಷ್ಟ್ರೇ, ಸಹೋದ್ಯೋಗಿಗಳೇ, ಸಭಿಕರೇ, ಹಿಂದಿನ ಸಾಲಿನಲ್ಲಿ ಆಗಲೇ ಆಕಳಿಸುತ್ತಿರುವ ನನ್ನ ಪ್ರೀತಿಯ ಮಕ್ಕಳೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಭಾಷೆ ಕಲಿಸುವವಳಿಗೆ ಐದು ನಿಮಿಷ ಪೀಠಿಕೆಗೇ ಸಾಲದು. ಬರೆದುಕೊಂಡು ಬಂದಿದ್ದೆ. ಹಾಳೆಗಳು ಹಿಂದುಮುಂದಾಗಿವೆ. ಮೊದಲ ಹಾಳೆಯಲ್ಲೇ ‘ಕೊನೆಯದಾಗಿ’ ಅಂತಿದೆ. ಇರಲಿ, ಬಾಯಿಗೆ ಬಂದಿದ್ದು ಹೇಳುತ್ತೇನೆ.

ಮೇಷ್ಟ್ರ ಗುಣಗಾನವನ್ನು ನನಗಿಂತ ಮೊದಲು ಮಾತಾಡಿದವರು ಮಾಡಿ ಮುಗಿಸಿದ್ದಾರೆ. ಎಂಥ ದಡ್ಡನಿಗೂ ಭೌತಶಾಸ್ತ್ರ ತಲೆಗೆ ಹತ್ತಿಸಿದವರು ಎಂದರು. ಒಪ್ಪುತ್ತೇನೆ. ಆದರೆ ಅವರ ವೃತ್ತಿಜೀವನದಲ್ಲಿ ಒಂದು ಸೋಲು ಇದೆ. ಆ ಸೋಲು ಯಾರು? ಆ ಸೋಲು ಈಗ ನಿಮ್ಮ ಮುಂದೆ ಮೈಕು ಹಿಡಿದು ನಿಂತಿದೆ.

ನಾನು ಈ ಶಾಲೆಗೆ ಬಂದ ಹೊಸತು. ಮೇಷ್ಟ್ರಿಗೆ ಜ್ವರ. ಅವರ ತರಗತಿಯಲ್ಲಿ ಗಲಾಟೆಯಾಗದ ಹಾಗೆ ನೋಡಿಕೊಳ್ಳಿ ಎಂದು ನನ್ನನ್ನು ಕಳಿಸಿದರು. ಮೇಜಿನ ಮೇಲೆ ಒಂದು ಇಳಿಜಾರು ಹಲಗೆ, ಪಕ್ಕದಲ್ಲಿ ಒಂದು ಉಕ್ಕಿನ ಗುಂಡು. ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಗುಂಡು ಉರುಳ್ತಾ ಉರುಳ್ತಾ ಜೋರಾಗತ್ತಲ್ಲ, ಸರಾಸರಿ ವೇಗ ಬರೋದು ಎಲ್ಲಿ?" ಎಂದಳು. ನಾನು ಹಿಂದೆಮುಂದೆ ನೋಡದೆ, "ಹಲಗೆ ಮಧ್ಯದಲ್ಲಿ ಕಣೇ, ಇನ್ನೆಲ್ಲಿ ಬರತ್ತೆ?" ಎಂದು ಹೇಳಿ ಕೂರಿಸಿದೆ.

ಎರಡು ದಿನ ಬಿಟ್ಟು ಮೇಷ್ಟ್ರು ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಸಿಬ್ಬಂದಿ ಕೊಠಡಿಗೇ ಬಂದರು. ಈಗ ಜಗಳ ಗ್ಯಾರಂಟಿ ಅಂದುಕೊಂಡೆ. ಅವರು ಹೇಳಿದ್ದು ಇಷ್ಟೇ: "ಮೇಡಂ, ಮಧ್ಯ ಅಂದಿದ್ದು ಸರಿನೇ. ಆದ್ರೆ ಯಾವುದರ ಮಧ್ಯ? ದಾರಿ ಮಧ್ಯ ಬೇರೆ, ಹೊತ್ತಿನ ಮಧ್ಯ ಬೇರೆ."

ನನಗೆ ಅರ್ಥವಾಗಲಿಲ್ಲ. ಮರುದಿನ ಮತ್ತೆ ಕೇಳಿದೆ. ಅದರ ಮರುದಿನ ಮತ್ತೆ. ಒಮ್ಮೆ ಜಾರುಬಂಡೆಯ ಮೇಲಿನ ಮಗುವಿನ ಉದಾಹರಣೆ ಕೊಟ್ಟು ಹೇಳಿದರು, ಒಮ್ಮೆ ಇಳಿಜಾರಿನ ಸೈಕಲ್ಲಿನದು, ಒಮ್ಮೆ ನಿಲ್ದಾಣ ಬಿಟ್ಟ ರೈಲಿನದು. ವರ್ಷಗಳೇ ಕಳೆದವು. ಮಧ್ಯಾಹ್ನದ ಬಿಡುವಿನಲ್ಲಿ ನನ್ನ ಸಂದೇಹ, ಅವರ ಸೀಮೆಸುಣ್ಣ, ಇಬ್ಬರ ಚಹಾ ಆರಿ ತಣ್ಣಗೆ. ಚಿತ್ರಕಲೆಯ ಮೇಷ್ಟ್ರು, "ಇವತ್ತೂ ಗುಂಡು ಉರುಳ್ತಾ ಇದೆಯಾ?" ಎಂದು ಕಿಚಾಯಿಸುತ್ತಿದ್ದರು. ಮನೆಯಲ್ಲಿ ನನ್ನ ಅಕ್ಕ, "ಅಷ್ಟು ಓದಿದೀಯ, ಒಂದು ಗೋಲಿ ಲೆಕ್ಕ ತಲೆಗೆ ಹೋಗಲ್ವೇನೇ ನಿಂಗೆ?" ಎಂದು ಬೈಯುತ್ತಿದ್ದಳು. ಹೋಗಲಿಲ್ಲ ಸಭಿಕರೇ, ಕೊನೆಗೂ ಹೋಗಲಿಲ್ಲ.

ಮಕ್ಕಳು ನಗುತ್ತಿದ್ದಾರೆ. ನಗಬೇಡಿ, ಅದು ಅಷ್ಟು ಸುಲಭವಲ್ಲ. ಈಗ ನೋಡಿ, ಹಲಗೆ ನೂರ ಅರವತ್ತು ಸೆಂಟಿಮೀಟರ್ ಅಂದುಕೊಳ್ಳಿ. ಗುಂಡು ನಿಂತಲ್ಲಿಂದ ಹೊರಟು, ಒಂದೇ ಸಮನೆ ವೇಗ ಕೂಡಿಸಿಕೊಳ್ಳುತ್ತಾ ನಾಲ್ಕು ಸೆಕೆಂಡಿನಲ್ಲಿ ಕೆಳಗೆ ಬಂತು. ಒಟ್ಟು ದೂರವನ್ನು ಒಟ್ಟು ಕಾಲದಿಂದ ಭಾಗಿಸಿ. ಸೆಕೆಂಡಿಗೆ ನಲವತ್ತು, ಅದೇ ಸರಾಸರಿ. ಶುರುವಿನಲ್ಲಿ ವೇಗ ಸೊನ್ನೆ, ಒಂದೇ ಸಮನೆ ಏರಿದ್ದರಿಂದ ಕೊನೆಯಲ್ಲಿ ಸರಾಸರಿಯ ಎರಡರಷ್ಟು, ಎಂಬತ್ತು. ಎರಡನ್ನೂ ಕೂಡಿ ಅರ್ಧ ಮಾಡಿದರೂ ನಲವತ್ತೇ. ವೇಗ ಒಂದೇ ಸಮನೆ ಏರಿದರೆ ಮಾತ್ರ ಈ ಎರಡನೆಯ ಲೆಕ್ಕ ನಡೆಯುತ್ತದೆ, ನೆನಪಿರಲಿ. ಹಾಗಾದರೆ ನಲವತ್ತರ ವೇಗ ಬಂದದ್ದು ಯಾವಾಗ? ಎರಡನೇ ಸೆಕೆಂಡು ಮುಗಿದಾಗ. ಆಗ ಗುಂಡು ಎಲ್ಲಿತ್ತು? ಆ ಎರಡು ಸೆಕೆಂಡಿನ ಸರಾಸರಿ ಇಪ್ಪತ್ತು, ಅಂದರೆ ನಲವತ್ತೇ ಸೆಂಟಿಮೀಟರ್ ಬಂದಿತ್ತು. ಹೊತ್ತು ಅರ್ಧ ಕಳೆದರೂ ದಾರಿ ಸವೆದದ್ದು ಕಾಲು ಭಾಗ. ಹಲಗೆಯ ಮಧ್ಯ ತಲುಪುವ ಹೊತ್ತಿಗೆ ಅದು ಸರಾಸರಿಯನ್ನು ಎಂದೋ ದಾಟಿ...

ಚಪ್ಪಾಳೆ ಯಾಕೆ ಹೊಡೆಯುತ್ತಿದ್ದೀರಿ?

ಓ.

ನೀರು ಇದೆಯೇ? ಇಲ್ಲಿದೆ, ಇಲ್ಲಿದೆ. ಕ್ಷಮಿಸಿ.

ಇದನ್ನು ನಾನು ಹೇಳಬೇಕು ಅಂದುಕೊಂಡಿರಲಿಲ್ಲ. ಅರ್ಥವಾಗಿತ್ತು ಮೇಷ್ಟ್ರೇ. ಮೊದಲ ವಾರದಲ್ಲೇ ಅರ್ಥವಾಗಿತ್ತು. ಹಾಗಾದರೆ ಮತ್ತೆ ಮತ್ತೆ ಯಾಕೆ ಕೇಳಿದೆ? ಕೇಳದಿದ್ದರೆ ನೀವು ನನ್ನ ಮೇಜಿನ ಹತ್ತಿರ ಯಾಕೆ ಬರುತ್ತಿದ್ದಿರಿ? ಅಕ್ಕನಿಗೂ ಹೇಳಿರಲಿಲ್ಲ. ನನಗೇ ನಾನು ಹೇಳಿಕೊಂಡಿರಲಿಲ್ಲ. ಈಗ ಇಡೀ ಶಾಲೆಗೆ ಹೇಳಿದ ಹಾಗಾಯಿತು.

ಸ್ವಲ್ಪ ತಾಳಿ, ಎಲ್ಲ ಕಲಸುಮೇಲೋಗರ ಆಗುತ್ತಿದೆ. ಒಂದು ಮಾತು ನನಗೆ ಇಲ್ಲಿ ನಿಂತಮೇಲೆ ಹೊಳೆಯುತ್ತಿದೆ. ಈ ಮೇಷ್ಟ್ರು ಎಂದೋ ಓದಿ ಹೋದ ಹುಡುಗನನ್ನು ರಸ್ತೆಯಲ್ಲಿ ಕಂಡರೆ, ಅವನು ಪರೀಕ್ಷೆಯಲ್ಲಿ ಎಲ್ಲಿ ತಪ್ಪು ಮಾಡಿದ್ದ ಎಂದು ಇವತ್ತಿಗೂ ಹೇಳುತ್ತಾರೆ. ಅಂಥವರು ನನಗೆ ಒಂದು ದಿನವಾದರೂ "ನಿನ್ನೆ ತಾನೆ ಹೇಳಿದೆನಲ್ಲ ಮೇಡಂ" ಅಂದರೇ? ಅನ್ನಲಿಲ್ಲ. ಮರೆತಿದ್ದರೇ? ಅವರು ಏನನ್ನೂ ಮರೆಯುವವರಲ್ಲ. ಪ್ರತಿ ಸಲ ಹೊಸ ಉದಾಹರಣೆ ಹುಡುಕಿಕೊಂಡು ಬಂದಿದ್ದು ಯಾಕೆ? ದಡ್ಡಿ ಅಂತ ಕನಿಕರವೇ? ಅಥವಾ, ಮೇಷ್ಟ್ರೇ, ನನಗೆ ಅರ್ಥವಾಗಿದೆ ಅಂತ ನಿಮಗೂ ಗೊತ್ತಿತ್ತೇ?

ಕನ್ನಡಕ ಒರೆಸುತ್ತಿದ್ದಾರೆ. ಒರೆಸಿದ್ದನ್ನೇ ಒರೆಸುತ್ತಿದ್ದಾರೆ. ಇದು ಹೌದೋ ಅಲ್ಲವೋ ನನಗೆ ತಿಳಿಯುತ್ತಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮುಗಿಸುತ್ತೇನೆ. ಮೇಷ್ಟ್ರು ನಾಳೆ ತಮ್ಮನ ಊರಿಗೆ ಹೊರಟಿದ್ದಾರೆ, ಅಲ್ಲೇ ಇರುತ್ತಾರಂತೆ. ಅವರ ಮುಂದಿನ ಜೀವನ ಸುಖಕರವಾಗಿರಲಿ ಎಂದು ಹಾಳೆಯಲ್ಲಿ ಬರೆದಿದ್ದೇನೆ. ಆದರೆ ನನಗೆ ಅವರು ಹೋಗುವುದು ಇಷ್ಟವಿಲ್ಲ. ಹೀಗೆ ಹೇಳಬಹುದೋ ಬಾರದೋ ಗೊತ್ತಿಲ್ಲ. ಹೇಳಿಬಿಟ್ಟೆ.

ಮೇಷ್ಟ್ರೇ, ಸಭೆ ಮುಗಿದ ಮೇಲೆ ನಾನು ಸಿಬ್ಬಂದಿ ಕೊಠಡಿಯಲ್ಲಿ ಇರುತ್ತೇನೆ. ಈ ಸಲ ಕೇಳಲು ನನ್ನ ಬಳಿ ಯಾವ ಸಂದೇಹವೂ ಇಲ್ಲ. ಸುಮ್ಮನೆ ಬನ್ನಿ.

ಇಷ್ಟು ಹೊತ್ತು ಗಲಾಟೆ ಮಾಡದೆ ಕೂತ ಮಕ್ಕಳಿಗೂ, ಗಂಟೆ ಬಾರಿಸದೆ ಬಿಟ್ಟ ಅಧ್ಯಕ್ಷರಿಗೂ ನಾನು ಋಣಿ. ನಮಸ್ಕಾರ.